ಕಡಲಾಚೆಯ ಬಾಕಿ

ಇಂದಿರಾನಗರದ ಅನೇಕ ಮನೆಗಳ ಮಕ್ಕಳು ಲಂಡನ್, ದುಬೈಗಳಲ್ಲಿ ದುಡಿದು ಮರಳಿದ್ದಾರೆ. ಅಲ್ಲಿನ ಬ್ಯಾಂಕ್ ಖಾತೆಯಿಂದ ಇದ್ದುದಕ್ಕಿಂತ ಹೆಚ್ಚು ಹಣ ತೆಗೆದು, ತೀರಿಸದೆ ಊರಿಗೆ ಬಂದರೆ ಏನಾದೀತು? ಕಡಲು ದಾಟಿ ಯಾರು ಕೇಳಲು ಬರುತ್ತಾರೆಂಬ ಸಮಾಧಾನ ಕೆಲವರದು. ನಮ್ಮ ನಗರದ ನ್ಯಾಯಾಲಯವೇ ಕಂಡ ಒಂದು ವ್ಯಾಜ್ಯ ಈ ವಿಷಯದಲ್ಲಿ ವಿಚಾರಾರ್ಹವಾಗಿದೆ.

1930ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಶ್ಯ ಬ್ಯಾಂಕು 1992ರಲ್ಲಿ ಗ್ರಾಹಕರೊಬ್ಬರ ಪರವಾಗಿ ಲಂಡನ್ನಿನ ಸಂಸ್ಥೆಯೊಂದಕ್ಕೆ ಲೆಟರ್ ಆಫ್ ಕ್ರೆಡಿಟ್, ಅಂದರೆ ಹಣ ಸಲ್ಲಿಸುವ ಭರವಸೆಪತ್ರ, ನೀಡಿತ್ತು. ಅದರಿಂದ ಹುಟ್ಟಿದ ಬಾಕಿಗಾಗಿ ಬ್ಯಾಂಕ್ ಆಫ್ ಬರೋಡಾ 1993ರಲ್ಲಿ ಲಂಡನ್ನಿನಲ್ಲಿ ದಾವೆ ಹೂಡಿ, 1995ರ ಫೆಬ್ರವರಿ 20ರಂದು ಡಿಕ್ರಿ ಪಡೆಯಿತು. ಆದರೆ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ ಸಲ್ಲಿಸಿದ್ದು 2009ರ ಆಗಸ್ಟ್‌ನಲ್ಲಿ. ಆಗ ಕೇಳಿದ ಮೊತ್ತ 16 ಕೋಟಿ ರೂಪಾಯಿಗೂ ಮಿಕ್ಕಿತ್ತು. ಇಂಗ್ಲೆಂಡಿನ ಆರು ವರ್ಷಗಳ ಕಾಲಮಿತಿಯೇ ಇದಕ್ಕೆ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚ್ 17ರಂದು ತೀರ್ಮಾನಿಸಿತು. ಅರ್ಜಿ ಬಿದ್ದುಹೋಯಿತು.

ಅದು ಬಿದ್ದುದು ತಡವಾದ ಕಾರಣದಿಂದ, ಕಡಲಾಚೆಯದೆಂಬ ಕಾರಣದಿಂದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1937ರಲ್ಲಿ ಸೇರಿದ 44-ಎ ಕಲಮಿನಂತೆ, ನಮ್ಮ ಸರ್ಕಾರ ಹೆಸರಿಸಿದ ದೇಶಗಳ ಮೇಲ್ದರ್ಜೆಯ ನ್ಯಾಯಾಲಯಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯ ತನ್ನದೇ ಡಿಕ್ರಿಯಂತೆ ಜಾರಿ ಮಾಡಬಹುದು. ಮನೆ, ನಿವೇಶನಗಳನ್ನು ಜಪ್ತಿ ಮಾಡಬಹುದು. ಬ್ರಿಟನ್ ಹಿಂದಿನಿಂದಲೂ ಈ ಪಟ್ಟಿಯಲ್ಲಿದೆ. ಯುನೈಟೆಡ್ ಅರಬ್ ಎಮಿರೇಟ್ಸ್ 2020ರ ಜನವರಿಯಲ್ಲಿ ಸೇರಿತು. ಪಟ್ಟಿಯಲ್ಲಿಲ್ಲದ ಅಮೆರಿಕದ ತೀರ್ಪಾದರೆ ಅದರ ಆಧಾರದ ಮೇಲೆ ಮೂರು ವರ್ಷಗಳೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು. ಮೋಸದಿಂದಲೋ ಸಹಜ ನ್ಯಾಯಕ್ಕೆ ವಿರುದ್ಧವಾಗಿಯೋ ಪಡೆದ ತೀರ್ಪನ್ನು 13ನೆಯ ಕಲಮಿನಡಿ ಪ್ರಶ್ನಿಸಲೂಬಹುದು. ಆದರೆ ಬಂದ ನೋಟಿಸನ್ನು ಓದದೆ ಕಪಾಟಿನಲ್ಲಿಟ್ಟವನಿಗೆ ಈ ರಕ್ಷಣೆ ದೊರೆಯುವುದು ಕಷ್ಟ. ಈ ನಡುವೆ ಬಡ್ಡಿಯೂ ಶುಲ್ಕವೂ ಬೆಳೆಯುತ್ತಲೇ ಇರುತ್ತವೆ.

ಹಾಗಾದರೆ ಅವಧಿ ಮೀರಿದ ಮೇಲೆ ಸಾಲವೇ ಇಲ್ಲವಾಯಿತೇ? ಕಾಲಮಿತಿ ಸಾಮಾನ್ಯವಾಗಿ ವಸೂಲಿಯ ದಾರಿಯನ್ನು ಮುಚ್ಚುತ್ತದೆ. ಸಾಲ ಸಂದಾಯವಾಯಿತೆಂದು ಹೇಳುವುದಿಲ್ಲ. ಅವಧಿ ಮೀರಿದ ಸಾಲವನ್ನು ತೀರಿಸುವೆನೆಂದು ಬರೆದು ಸಹಿ ಮಾಡಿದ ಮಾತನ್ನು 1872ರ ಕರಾರು ಕಾಯಿದೆಯ 25ನೆಯ ಕಲಮು ಇಂದಿಗೂ ಮಾನ್ಯ ಮಾಡುತ್ತದೆ. ಕಾನೂನೇ ಇಷ್ಟು ಒಪ್ಪುವಾಗ ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಅದಕ್ಕಿಂತ ಕಡಿಮೆ ಒಪ್ಪುವುದು ಸರಿಯೇ?

ಆದುದರಿಂದ ಮಕ್ಕಳು ವಿದೇಶದಿಂದ ಹೊರಡುವ ಮೊದಲೇ ಖಾತೆಯ ಲೆಕ್ಕ ತರಿಸಿಕೊಂಡು, ಬಾಕಿ ತೀರಿಸಿ, ಬಾಕಿ ಇಲ್ಲವೆಂಬ ಪತ್ರ ಪಡೆಯಲಿ. ಒಮ್ಮೆಗೆ ಆಗದಿದ್ದರೆ ಕಂತು ಕೇಳಲಿ. ವ್ಯಾಪಾರಿಯ ಖಾತೆಪುಸ್ತಕದಲ್ಲಿ ಬಾಕಿ ಅಳಿಯುವುದು ಹಣ ಜಮೆಯಾದಾಗಲೇ ಹೊರತು ವರ್ಷ ಉರುಳಿದಾಗಲ್ಲ.