ಪರರ ಸೇನೆಯನ್ನು ಕಟ್ಟುವ ವಿದ್ಯೆ: ಒಂದು ಸಮೀಕ್ಷೆ

ಜನರ ನಡುವೆ ಬೇರೂರಿದ ಸಶಸ್ತ್ರ ವಿರೋಧವನ್ನು ಸರ್ಕಾರವೊಂದು ಸೈನಿಕ, ಪೊಲೀಸ್ ಮತ್ತು ಆಡಳಿತದ ಕ್ರಮಗಳಿಂದ ಅಡಗಿಸುವ ಯತ್ನಕ್ಕೆ ಬಂಡಾಯ ನಿಗ್ರಹವೆನ್ನುತ್ತಾರೆ. ಆ ಯತ್ನಕ್ಕೆ ನೆರವಾಗಲು ಬಂದ ಹೊರದೇಶದ ಸೇನೆ ಎಂದಾದರೊಂದು ದಿನ ಹಿಂತಿರುಗಲೇಬೇಕಾದ್ದರಿಂದ, ತಾನು ಹೋದ ಮೇಲೂ ಕಾದಾಡಬಲ್ಲ ಸ್ಥಳೀಯ ಪಡೆಯನ್ನು ಕಟ್ಟುವುದು ಅದರ ಮುಖ್ಯ ಹೊಣೆಯಾಗುತ್ತದೆ. ಈ ಹೊಣೆಯನ್ನು ಕುರಿತ ಬರಹಗಳಿಗೆ ದೀರ್ಘ ಇತಿಹಾಸವಿದ್ದರೂ ಅವುಗಳಲ್ಲಿ ಬಹುಪಾಲು ಹೇಗೆ ಕಲಿಸಬೇಕೆಂಬುದನ್ನೇ ಚರ್ಚಿಸಿದವು. ಕಲಿತವನು ಯಾರಿಗಾಗಿ ಹೋರಾಡುತ್ತಾನೆಂಬ ಪ್ರಶ್ನೆ ತೀರ ತಡವಾಗಿ ಕೇಳಿಬಂತು.

ಆ ಪ್ರಶ್ನೆಗೆ ಬೇಕಾದ ಸಾಕ್ಷ್ಯ ಮಾತ್ರ ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ಅಮೆರಿಕದ ಮರೀನ್ ದಳ 1940ರಲ್ಲಿ ಹೊರತಂದ ‘ಸ್ಮಾಲ್ ವಾರ್ಸ್ ಮ್ಯಾನ್ಯುಅಲ್’ ಸ್ಥಳೀಯ ಪಡೆಗಳ ನೇಮಕ, ಸಂಘಟನೆ ಮತ್ತು ತರಬೇತಿಯನ್ನು ವಿಸ್ತಾರವಾಗಿ ವಿವರಿಸಿತು. ಅದೇ ದಳ ನಿಕರಾಗುವಾದಲ್ಲಿ 1927ರಿಂದ ಕಟ್ಟಿದ ಗಾರ್ಡಿಯಾ ನ್ಯಾಸಿಯೊನಾಲ್, ಪಕ್ಷಾತೀತವಾಗಿರಬೇಕೆಂಬ ಕರಾರಿದ್ದೂ, ಮರೀನರು 1933ರಲ್ಲಿ ಹೊರಟ ಕೆಲವೇ ವರ್ಷಗಳಲ್ಲಿ ಅದರ ಮುಖ್ಯಸ್ಥ ಅನಸ್ತಾಸಿಯೊ ಸೊಮೋಸಾನಿಗೆ ಅಧಿಕಾರ ಕಸಿಯುವ ಸಾಧನವಾಯಿತು. ಆ ಕುಟುಂಬದ ಆಳ್ವಿಕೆ 1979ರವರೆಗೆ ನಡೆಯಿತು.

ಎರಡನೆಯ ಮಹಾಯುದ್ಧದ ನಂತರ ಈ ಕ್ಷೇತ್ರಕ್ಕೆ ಮಾದರಿಯಾಗಿ ನಿಂತದ್ದು ಮಲಯಾ. 1948ರಲ್ಲಿ ತುರ್ತುಸ್ಥಿತಿ ಘೋಷಣೆಯಾದ ಮೇಲೆ ಅವಸರದಿಂದ ಹಿಗ್ಗಿಸಿದ ಪೊಲೀಸ್ ಪಡೆಯನ್ನು, 1952ರಲ್ಲಿ ಲಂಡನ್ನಿನಿಂದ ಬಂದ ಆರ್ಥರ್ ಯಂಗ್ ಮತ್ತೆ ತರಬೇತಿಗೆ ಕೂರಿಸಿ, ಜನರೊಡನೆ ಅದು ನಡೆದುಕೊಳ್ಳುವ ಬಗೆಯನ್ನು ತಿದ್ದಲು ತೊಡಗಿದರು. ಅಲ್ಲಿ ಅನುಭವ ಪಡೆದ ರಾಬರ್ಟ್ ಥಾಂಪ್ಸನ್ 1966ರಲ್ಲಿ ಬರೆದ ಗ್ರಂಥ ಮುಂದಿನ ಸಲಹೆಗಾರರಿಗೆ ಪಠ್ಯದಂತಾಯಿತು. ಆದರೆ ಮಲಯಾದಲ್ಲಿ ಬ್ರಿಟಿಷರು ಅತಿಥಿಗಳಾಗಿರಲಿಲ್ಲ, ಆಳುವವರಾಗಿದ್ದರು. ಅಧಿಕಾರಿಯ ಬಡ್ತಿ, ವರ್ಗಾವಣೆ, ವಜಾ ಎಲ್ಲವೂ ಅವರ ಕೈಯಲ್ಲಿತ್ತು. ಈ ಒಂದು ವ್ಯತ್ಯಾಸವನ್ನು ಬದಿಗಿಟ್ಟು ಮಾದರಿಯನ್ನು ಮಾತ್ರ ಎತ್ತಿಕೊಂಡ ಬರಹಗಳು ಒಂದೆರಡಲ್ಲ.

ದಕ್ಷಿಣ ವಿಯೆಟ್ನಾಮಿನಲ್ಲಿ ಅಮೆರಿಕದ ತರಬೇತುದಾರರು ತಮ್ಮದೇ ಸೇನೆಯ ಪಡಿಯಚ್ಚನ್ನು ಕಟ್ಟಿದರು. ಕೊರಿಯಾದ ಯುದ್ಧವನ್ನು ನೆನಪಿನಲ್ಲಿಟ್ಟುಕೊಂಡು, ಉತ್ತರದ ಗಡಿ ದಾಟಿ ಬರಬಹುದಾದ ಆಕ್ರಮಣವನ್ನು ತಡೆಯಲು 1950ರ ದಶಕದಲ್ಲಿ ಏಳು ಡಿವಿಜನ್‌ಗಳನ್ನು ಸಜ್ಜುಗೊಳಿಸಿದರು. ಬಂಡಾಯ ಬೆಳೆಯುತ್ತಿದ್ದ ಹಳ್ಳಿಗಳನ್ನು ಕಾಯಬೇಕಾದ ಪಡೆಗಳಿಗೆ ಅಳಿದುಳಿದದ್ದಷ್ಟೇ ಸಿಕ್ಕಿತು. ಹಳ್ಳಿಯ ಕಾವಲುಗಾರರ ಜೊತೆ ಮರೀನರ ಸಣ್ಣ ತಂಡವನ್ನು ಅಲ್ಲಿಯೇ ವಾಸಕ್ಕಿರಿಸಿದ 1965ರ ಪ್ರಯೋಗ ವಿದ್ವಾಂಸರಿಗೆ ಪ್ರಿಯವಾದರೂ ಸೇನೆಯ ಮುಖ್ಯ ಧೋರಣೆಯನ್ನು ಬದಲಿಸಲಿಲ್ಲ. ಈ ದೋಷವನ್ನು ಆಂಡ್ರೂ ಕ್ರೆಪಿನೆವಿಚ್ 1986ರ ತಮ್ಮ ಗ್ರಂಥದಲ್ಲಿ ಅಮೆರಿಕದ ಸೇನೆಯ ಒಳಗಿನ ಚಿಂತನಾಕ್ರಮಕ್ಕೇ ಜೋಡಿಸಿದರು.

ಇದಕ್ಕೆ ತದ್ವಿರುದ್ಧವಾದ ದಾರಿ ಒಮಾನಿನ ಧೋಫಾರ್ ಪ್ರಾಂತ್ಯದಲ್ಲಿ ಕಾಣುತ್ತದೆ. 1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದು ಕ್ಷಮಾದಾನ ಘೋಷಿಸಿದ ಮೇಲೆ, ಬ್ರಿಟನ್ನಿನ ವಿಶೇಷ ಪಡೆಯಾದ ಎಸ್‌ಎಎಸ್‌ನ ಸೈನಿಕರು ಶರಣಾದ ಬಂಡುಕೋರರನ್ನೇ ಸೇರಿಸಿ ‘ಫಿರ್ಕತ್’ ಎಂಬ ಬುಡಕಟ್ಟು ತಂಡಗಳನ್ನು ಕಟ್ಟಿದರು. ಹಲವು ಬುಡಕಟ್ಟುಗಳವರನ್ನು ಒಂದುಗೂಡಿಸಿದ ಮೊದಲ ತಂಡ, ಅದರ ನಾಯಕ ತೀರಿಕೊಂಡ ಬೆನ್ನಿಗೇ ಒಡೆದುಹೋದ್ದರಿಂದ ಮುಂದಿನವುಗಳನ್ನು ಬುಡಕಟ್ಟಿಗೊಂದರಂತೆ ರಚಿಸಲಾಯಿತು. ಅವರು ಕವಾಯತಿಗೆ ಒಗ್ಗಲಿಲ್ಲ. 1971ರ ಅಕ್ಟೋಬರಿನ ದೊಡ್ಡ ಕಾರ್ಯಾಚರಣೆಯ ನಡುವೆ, ಧಾರ್ಮಿಕ ವಿನಾಯಿತಿ ದೊರೆತಿದ್ದರೂ ರಂಜಾನ್ ಬಂತೆಂದು ಕೈಚೆಲ್ಲಿ ಕುಳಿತರು. ಆದರೂ ತಮ್ಮ ನೆಲ, ತಮ್ಮ ದನಗಳ ವಿಷಯಕ್ಕೆ ಬಂದಾಗ ಹಿಂಜರಿಯುತ್ತಿರಲಿಲ್ಲ. ತಂಡವೊಂದು ತನ್ನ ಪ್ರದೇಶವನ್ನು ಭದ್ರಪಡಿಸಿಕೊಂಡೊಡನೆ ಅಲ್ಲಿ ಕೊಳವೆಬಾವಿ ಕೊರೆದು, ಅಂಗಡಿ, ಶಾಲೆ, ಚಿಕಿತ್ಸಾಲಯ, ಮಸೀದಿಗಳನ್ನು ಸರ್ಕಾರ ಕಟ್ಟಿಸುತ್ತಿತ್ತು. ತರಬೇತಿಯ ಅಳತೆಗೋಲಿನಲ್ಲಿ ಅಷ್ಟಕ್ಕಷ್ಟೇ ಎನಿಸುವ ಈ ಪಡೆ 1975ರ ಹೊತ್ತಿಗೆ ಬಂಡಾಯ ಮುಗಿಯಲು ಕಾರಣವಾದವುಗಳಲ್ಲಿ ಒಂದಾಯಿತು.

ಸಿದ್ಧಾಂತದ ಮಟ್ಟದಲ್ಲಿ ಚರ್ಚೆಯನ್ನು ತಿರುಗಿಸಿದ್ದು ಎಲ್ ಸಾಲ್ವಡಾರ್. ಅಮೆರಿಕ ಅಲ್ಲಿ ತನ್ನ ತರಬೇತುದಾರರ ಸಂಖ್ಯೆಯನ್ನು 55ಕ್ಕೆ ಮಿತಿಗೊಳಿಸಿತ್ತು. ಅಮೆರಿಕದಿಂದ ತರಬೇತಿ ಪಡೆದ, ಅಲ್ಲಿನ ಸೇನೆಯ ಅಟ್ಲಾಕಾಟ್ಲ್ ಬೆಟಾಲಿಯನ್ 1981ರ ಡಿಸೆಂಬರಿನಲ್ಲಿ ಎಲ್ ಮೊಸೋಟೆ ಗ್ರಾಮದ ನಿವಾಸಿಗಳನ್ನು ಸಾಮೂಹಿಕವಾಗಿ ಕೊಂದಿತು, 1989ರಲ್ಲಿ ಅದರ ಸೈನಿಕರೇ ಜೆಸ್ಯುಯಿಟ್ ಪಾದ್ರಿಗಳ ಹತ್ಯೆ ನಡೆಸಿದರು. ಸಾಮರ್ಥ್ಯ ಕೊಟ್ಟರೆ ಸಂಯಮ ತಾನಾಗಿ ಬರುತ್ತದೆಂಬ ನಂಬಿಕೆಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿರಲಿಲ್ಲ. ಬೆಂಜಮಿನ್ ಶ್ವಾರ್ಟ್ಸ್ 1991ರಲ್ಲಿ, ವಾಲ್ಟರ್ ಲ್ಯಾಡ್ವಿಗ್ 2017ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿದರು. ಅರ್ಥಶಾಸ್ತ್ರದಿಂದ ಬಂದ ಧಣಿ–ಕಾರ್ಯಸ್ಥ ಸಮಸ್ಯೆ, ಎಂದರೆ ಕೆಲಸ ವಹಿಸಿದವನ ಹಿತವೂ ವಹಿಸಿಕೊಂಡವನ ಹಿತವೂ ಬೇರೆಯಾದಾಗ ಏಳುವ ತೊಡಕು, ಕ್ರಮೇಣ ಈ ಅಧ್ಯಯನಗಳ ಚೌಕಟ್ಟಾಯಿತು.

ಇರಾಕ್ ಮತ್ತು ಅಫ್ಘಾನಿಸ್ತಾನಗಳು ಹಳೆಯ ತಪ್ಪುಗಳನ್ನು ಬೃಹತ್ ಪ್ರಮಾಣದಲ್ಲಿ ಮರುಕಳಿಸಿದವು. 2006ರ ಅಮೆರಿಕದ ಬಂಡಾಯ ನಿಗ್ರಹ ಕೈಪಿಡಿ ಸ್ಥಳೀಯ ಪಡೆಗಳಿಗೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟರೂ, 2014ರ ಜೂನಿನಲ್ಲಿ ಮೋಸುಲ್ ನಗರ ಕೆಲವೇ ದಿನಗಳಲ್ಲಿ ಇರಾಕಿ ಸೇನೆಯ ಕೈತಪ್ಪಿತು. ಅಫ್ಘನ್ ವಾಯುಪಡೆಯ ತಂತ್ರಜ್ಞರು ಬಹುಮಟ್ಟಿಗೆ ತಾವೇ ದುರಸ್ತಿ ಮಾಡಬಲ್ಲವರಾಗಿದ್ದ ರಷ್ಯನ್ ಮೂಲದ ಎಂಐ-17 ಹೆಲಿಕಾಪ್ಟರುಗಳ ಬದಲು ಗುತ್ತಿಗೆದಾರರನ್ನೇ ನೆಚ್ಚಬೇಕಾದ ಬ್ಲ್ಯಾಕ್ ಹಾಕ್‌ಗಳನ್ನು ತರಲಾಯಿತು. 2021ರಲ್ಲಿ ಗುತ್ತಿಗೆದಾರರು ಹೊರಟರು, ಅದೇ ವರ್ಷ ಅಫ್ಘನ್ ಪಡೆಗಳು ಕುಸಿದವು. ಇಲ್ಲಿ ಅಫ್ಘನ್ ಸೈನಿಕನ ಧೈರ್ಯವನ್ನು ದೂರುವುದು ಅನ್ಯಾಯ: 2014ರ ಸೆಪ್ಟೆಂಬರಿನಿಂದ 45,000 ಮಂದಿ ಮಡಿದಿದ್ದಾರೆಂದು ಅಧ್ಯಕ್ಷ ಅಶ್ರಫ್ ಘನಿ 2019ರಲ್ಲಿಯೇ ಹೇಳಿದ್ದರು. ಸ್ಟೀಫನ್ ಬಿಡ್ಲ್ ಮತ್ತು ಸಂಗಡಿಗರು 2018ರಲ್ಲಿ ಹಿತಾಸಕ್ತಿಗಳು ಕೂಡದ ಕಡೆ ಸಣ್ಣ ಪ್ರಮಾಣದ ನೆರವಿನಿಂದ ಸಣ್ಣ ಫಲವೇ ದೊರೆಯುತ್ತದೆಂದು ವಾದಿಸಿದರೆ, ರೇಚಲ್ ಮೆಟ್ಸ್ ಅವರ ಇತ್ತೀಚಿನ ಸಂಶೋಧನೆ, ಷರತ್ತು ವಿಧಿಸುವ ಅವಕಾಶವಿದ್ದಾಗಲೂ ಅಮೆರಿಕದ ಸೇನೆ ಮನವೊಲಿಕೆಯನ್ನೇ ನೆಚ್ಚಿಕೊಂಡದ್ದನ್ನು ಬಯಲಿಗೆಳೆಯಿತು.

ಇಷ್ಟೆಲ್ಲ ಬೆಳೆದರೂ ಈ ಕ್ಷೇತ್ರದ ದೃಷ್ಟಿ ಅಮೆರಿಕ, ಬ್ರಿಟನ್ನುಗಳ ಆಚೆಗೆ ಹೆಚ್ಚು ಹೊರಳಿಲ್ಲ. ಸೋವಿಯತ್ ಸೇನೆ ತರಬೇತಿ ಕೊಟ್ಟ, ಅಫ್ಘಾನಿಸ್ತಾನದ ನಜೀಬುಲ್ಲಾ ಸರ್ಕಾರದ ಪಡೆಗಳು 1989ರ ವಾಪಸಾತಿಯ ನಂತರವೂ ಮೂರು ವರ್ಷ ತಾಳಿ, ಮಾಸ್ಕೋದ ನೆರವು ನಿಂತ ಮೇಲಷ್ಟೇ ಕುಸಿದದ್ದೇಕೆ ಎಂಬುದು 2021ರ ಕುಸಿತದ ಎದುರಿಗಿಟ್ಟು ನೋಡಬೇಕಾದ ಪ್ರಶ್ನೆ. ಭಾರತದ ಅನುಭವಕ್ಕಂತೂ ಈ ಸಾಹಿತ್ಯದಲ್ಲಿ ಸಿಕ್ಕಿರುವ ಜಾಗ ಕಿರಿದು. ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿದ್ದಾಗ 1989ರಲ್ಲಿ ಅದರ ನೆರವಿನಿಂದ ಎದ್ದ ತಮಿಳ್ ನ್ಯಾಷನಲ್ ಆರ್ಮಿಗೆ ಎಷ್ಟೋ ಯುವಕರನ್ನು ಬಲವಂತದಿಂದ ಸೇರಿಸಲಾಗಿತ್ತು. ಭಾರತೀಯ ತುಕಡಿಗಳು ಒಂದೊಂದೇ ಜಿಲ್ಲೆ ತೆರವು ಮಾಡಿದಂತೆ ಅದು ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಎದುರು ಚದುರಿಹೋಯಿತು, ಅದರ ಬಂದೂಕುಗಳಲ್ಲಿ ಅನೇಕವು ಎದುರಾಳಿಯ ಪಾಲಾದವು.