ಜಗಡೂಚರಿತ: ದೂರದ ಹಸಿವಿಗೆ ತೆರೆದ ಕಣಜ

ಬರಗಾಲವನ್ನು ಕುರಿತು ಜೈನ ಪರಂಪರೆಯು ಉಳಿಸಿಕೊಂಡ ನೆನಪುಗಳಲ್ಲಿ ಎರಡನ್ನು ಜೊತೆಗಿಟ್ಟು ಓದಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ, ಸುಮಾರು ಕ್ರಿ.ಶ. 600ರ ಶಾಸನವು ಮೊದಲನೆಯದನ್ನು ಹೇಳುತ್ತದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ವೈಷಮ್ಯವನ್ನು ನಿಮಿತ್ತದಿಂದ ಅರಿತು ನುಡಿಯಲು, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು ಧನಧಾನ್ಯ ತುಂಬಿದ ಜನಪದವನ್ನು ಸೇರಿತು. ಇಲ್ಲಿ ಜನರು ಅನ್ನವಿದ್ದೆಡೆಗೆ ನಡೆದರು.

ಎರಡನೆಯದರಲ್ಲಿ ಅನ್ನವೇ ಜನರಿದ್ದೆಡೆಗೆ ಸಾಗಿತು. ಕಚ್ಛದ ಭದ್ರೇಶ್ವರದ ಸಮುದ್ರವ್ಯಾಪಾರಿ ಜಗಡೂ ಅದರ ನಾಯಕ. ಸರ್ವಾನಂದಸೂರಿಯ ಸಂಸ್ಕೃತ ಕಾವ್ಯ 'ಜಗಡೂಚರಿತ' ಅದರ ಆಕರ. 13ನೆಯ ಶತಮಾನದ ಮಧ್ಯದಲ್ಲಿ ಬರಲಿರುವ ಕ್ಷಾಮವನ್ನು ಗುರು ಪರಮದೇವಸೂರಿ ಮುನ್ನುಡಿದರು; ಜಗಡೂ ಊರೂರುಗಳಲ್ಲಿ ಧಾನ್ಯ ಕೊಂಡು ಕೂಡಿಟ್ಟನು. ಕ್ಷಾಮ ಬಂದಾಗ ಗುಜರಾತಿನ ದೊರೆ ವೀಸಲದೇವನು ಅವನನ್ನು ಕರೆಸಿ ಕಣಜಗಳ ಧಾನ್ಯವನ್ನು ಕೇಳಿದನು. ಅದರಲ್ಲಿ ತನ್ನದೆನ್ನುವುದು ಏನೂ ಇಲ್ಲವೆಂದ ಜಗಡೂ, ಕಣಜಗಳಲ್ಲಿರಿಸಿದ್ದ ತಾಮ್ರಪಟವನ್ನು ತೋರಿಸಿದನು. ಧಾನ್ಯವೆಲ್ಲ ಬಡವರಿಗಾಗಿ ಎಂದು ಅದರಲ್ಲಿ ಬರೆದಿತ್ತು. ಬಳಿಕ ಮೂಡವೆಂಬ ಅಳತೆಯಲ್ಲಿ ವೀಸಲದೇವನಿಗೆ 8,000, ಸಿಂಧಿನ ಹಮ್ಮೀರನಿಗೆ 12,000, ದೆಹಲಿಯ ಸುಲ್ತಾನನಿಗೆ 21,000 ಕೊಟ್ಟನೆಂದು ಪರಂಪರೆ ಲೆಕ್ಕ ಹೇಳುತ್ತದೆ. 112 ದಾನಶಾಲೆಗಳನ್ನೂ ತೆರೆದನಂತೆ.

ಈ ಲೆಕ್ಕವನ್ನು ಹಾಗೆಯೇ ಇತಿಹಾಸವೆಂದು ಸ್ವೀಕರಿಸಲಾಗದು. 1892ರಲ್ಲಿ ಕಾವ್ಯವನ್ನು ಪರಿಚಯಿಸಿದ ಬೂಲರ್ ಅದನ್ನು ಚಾರಿತ್ರಿಕ ಕಥನವೆಂದೇ ಕರೆದರು. ಕಾವ್ಯವು ಸುಲ್ತಾನನನ್ನು ಮೋಜದೀನನೆನ್ನುತ್ತದೆ. ಕ್ಷಾಮಕಾಲವಾದ 1256-58ರಲ್ಲಿ ದೆಹಲಿಯನ್ನು ಆಳುತ್ತಿದ್ದವನು ನಾಸಿರುದ್ದೀನ್ ಮಹಮೂದ್. ಆದರೂ ಧರ್ಮ, ರಾಜ್ಯಗಳ ಗಡಿಯನ್ನು ಎಣಿಸದೆ ಧಾನ್ಯ ಹೋಗಬೇಕೆಂಬ ಆದರ್ಶವನ್ನು ಒಬ್ಬ ಜೈನ ಕವಿ ಕಾವ್ಯದ ಕೇಂದ್ರದಲ್ಲಿಟ್ಟದ್ದು ನಿಸ್ಸಂದೇಹವಾದ ಸಂಗತಿ.

ಕಾವ್ಯದ ನಿಜವಾದ ಸೂಕ್ಷ್ಮತೆ ಇರುವುದು ಸಂಖ್ಯೆಗಳಲ್ಲಲ್ಲ, 'ಲಜ್ಜಾಪಿಂಡ'ದ ಪ್ರಸಂಗದಲ್ಲಿ. ದಾನಶಾಲೆಯ ಸಾಲಿನಲ್ಲಿ ನಿಲ್ಲಲು ನಾಚುವ ಕುಲೀನರಿಗಾಗಿ ಜಗಡೂ ಚಿನ್ನದ ನಾಣ್ಯವನ್ನು ಒಳಗಿಟ್ಟ ಉಂಡೆಗಳನ್ನು ರಾತ್ರಿಯ ವೇಳೆ ಹಂಚಿದನು. ಹಸಿವಿಗಿಂತ ಮೊದಲು ಮಾನಕ್ಕೆ ಅಂಜುವವರೂ ಸಂತ್ರಸ್ತರಲ್ಲಿರುತ್ತಾರೆಂಬ ಅರಿವು ಇದು. ಪಡೆದವನ ಮುಖವನ್ನೂ ಕೊಟ್ಟವನ ಹೆಸರನ್ನೂ ಒಂದೇ ಚಿತ್ರದಲ್ಲಿ ಸಾರುವ ಇಂದಿನ ನೆರವಿನ ರೂಢಿಯನ್ನು ಈ ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. ದಾನದ ಪ್ರಮಾಣವನ್ನು ಕಾವ್ಯವು ಉತ್ಪ್ರೇಕ್ಷಿಸಿರಬಹುದು. ದಾನದ ರೀತಿಯನ್ನು ಕುರಿತು ಅದು ಹೇಳಿದ್ದು ಮಾತ್ರ ಇಂದಿಗೂ ಸಲ್ಲುತ್ತದೆ.