ದೇರಳಕಟ್ಟೆಯ ನಕ್ಷೆಗಾರರು

ಉಳ್ಳಾಲ ತಾಲೂಕಿನ ದೇರಳಕಟ್ಟೆಯಲ್ಲಿ, ಯೆನೆಪೊಯ ವಿಶ್ವವಿದ್ಯಾಲಯದ ಸಿಸ್ಟಮ್ಸ್ ಬಯಾಲಜಿ ಕೇಂದ್ರದಲ್ಲಿ ನಡೆಯುವ ಒಂದು ಕೆಲಸಕ್ಕೆ ಸಲಕರಣೆಗಿಂತ ಓದುವ ತಾಳ್ಮೆ ಹೆಚ್ಚು ಬೇಕು. ಸಂಶೋಧನಾ ಪ್ರಬಂಧಗಳನ್ನು ಒಂದೊಂದಾಗಿ ಓದಬೇಕು. ಜೀವಕೋಶದ ಯಾವ ಪ್ರೋಟೀನು ಯಾವುದಕ್ಕೆ ಅಂಟುತ್ತದೆ, ಯಾವುದಕ್ಕೆ ಫಾಸ್ಫೇಟ್ ಸೇರಿಸಿ ಎಚ್ಚರಿಸುತ್ತದೆ ಎಂದು ಗುರುತು ಹಾಕಿಕೊಂಡು, ಸಂಕೇತ ಸಾಗುವ ದಾರಿಯ ನಕ್ಷೆ ಬರೆಯಬೇಕು.

ಈ ಕಸುಬು ಇಲ್ಲಿಗೆ ಬಂದದ್ದು ಬೆಂಗಳೂರಿನಿಂದ. ಅಖಿಲೇಶ್ ಪಾಂಡೆ 2002ರಲ್ಲಿ ಅಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಕಟ್ಟಿದರು. ಆ ಸಂಸ್ಥೆಯ ತಂಡ 2010ರಲ್ಲಿ ಪ್ರಕಟಿಸಿದ 'ನೆಟ್‌ಪಾತ್' ಸಂಗ್ರಹದ ರೋಗನಿರೋಧಕ ಸಂಕೇತದ ನಕ್ಷೆಗಳಲ್ಲಿ ಸುಮಾರು 1,600 ಕ್ರಿಯೆಗಳಿದ್ದವು. ಆ ನಕ್ಷೆಗಳ ಬೆನ್ನಿಗೆ 5,500ಕ್ಕೂ ಹೆಚ್ಚು ಪ್ರಬಂಧಗಳ ಆಧಾರವಿತ್ತು. ಅಲ್ಲಿ ದುಡಿದ ಟಿ. ಎಸ್. ಕೇಶವ ಪ್ರಸಾದ್ ಮುಂದೆ ದೇರಳಕಟ್ಟೆಯ ಕೇಂದ್ರವನ್ನು ಮುನ್ನಡೆಸಿದರು.

ಆದರೆ ನಕ್ಷೆ ದಾರಿ ತೋರಿಸುತ್ತದೆ, ಓಟ ತೋರಿಸುವುದಿಲ್ಲ.

ಓಟ ತೋರಿಸಲು ಕಂಪ್ಯೂಟರ್ ಬೇಕಾಯಿತು. ಬೆಂಗಳೂರಿನ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ಉಪೀಂದರ್ ಭಲ್ಲಾ ಮತ್ತು ನ್ಯೂಯಾರ್ಕಿನ ರವಿ ಅಯ್ಯಂಗಾರ್ 1999ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಬೆರಗಿನ ಸಂಗತಿಯನ್ನು ಮುಂದಿಟ್ಟರು. ಪಿಕೆಸಿ ಎಂಬ ಕಿಣ್ವ ಎಂಎಪಿಕೆ ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಎಂಎಪಿಕೆಯಿಂದ ಹೊರಟ ಕ್ರಿಯೆಗಳ ಸರಪಳಿ ಸುತ್ತಿಬಂದು ಪಿಕೆಸಿಯನ್ನೇ ಮತ್ತೆ ಎಬ್ಬಿಸುತ್ತದೆ. ಹೀಗಾಗಿ ಹೊರಗಿನ ಪ್ರಚೋದನೆ ನಿಂತ ಮೇಲೂ ಒಳಗಿನ ಸಂಕೇತ ಆರದೆ ಉಳಿಯಬಲ್ಲದು. ಬಿಡಿ ಬಿಡಿಯಾಗಿ ಯಾವ ಅಣುವಿಗೂ ಇಲ್ಲದ ಈ ನೆನಪು ಜಾಲಕ್ಕೆ ಬಂದದ್ದು ಅವುಗಳ ಕೂಡುವಿಕೆಯಿಂದ. ನಮ್ಮ ನಾಡಿನ ವಿಜ್ಞಾನ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಭಲ್ಲಾ ಅವರದು ಮುಖ್ಯವಾಗಿ ಗಣಿತ ಸಮೀಕರಣಗಳ ಮಾರ್ಗ. ಇನ್ನೊಂದು ಮಾರ್ಗ ಹುಟ್ಟಿದ್ದು ಕಂಪ್ಯೂಟರ್ ವಿಜ್ಞಾನದೊಳಗೆ. ಡೇವಿಡ್ ಗೆಲರ್ನ್ಟರ್ 1985ರಲ್ಲಿ ವಿವರಿಸಿದ 'ಲಿಂಡಾ' ಮಾದರಿಯಲ್ಲಿ ಪ್ರೋಗ್ರಾಮುಗಳು ನೇರ ಮಾತಾಡುವುದಿಲ್ಲ. ಒಂದು ಜಗಲಿಯ ಮೇಲೆ ಇಟ್ಟುಹೋದದ್ದನ್ನು ಬೇಕಾದವರು ಎತ್ತಿಕೊಳ್ಳುತ್ತಾರೆ. ಇಟಲಿಯ ವಿರೋಲಿ ಮತ್ತು ಕಸಾದೆಯಿ 2009ರಲ್ಲಿ ಅದಕ್ಕೆ ರಸಾಯನದ ನಿಯಮ ಸೇರಿಸಿದರು: ಅಣುಗಳ ಸಾಂದ್ರತೆ ಹೆಚ್ಚಿದಷ್ಟೂ ಅವು ಕೂಡುವ ಸಂಭವ ಹೆಚ್ಚು. ಪ್ರಕೃತಿಯಿಂದ ಕಲಿತ ಈ ಹೊಂದಾಣಿಕೆಯನ್ನು ಗೊನ್ಸಾಲೆಸ್ ಪೆರೆಸ್, ಒಮಿಚಿನಿ ಮತ್ತು ಸಂಗಡಿಗರು ಮರಳಿ ಪ್ರಕೃತಿಗೇ ಅನ್ವಯಿಸಿ, ಕೋಶದೊಳಗಿನ ಸಂಕೇತ ರವಾನೆಯನ್ನು ಕಂಪ್ಯೂಟರಿನಲ್ಲಿ ಓಡಿಸಿದರು.

ಯಾವ ಮಾರ್ಗ ಹಿಡಿದರೂ ಯಾವುದು ಯಾವುದನ್ನು ಮುಟ್ಟುತ್ತದೆ, ಎಷ್ಟು ವೇಗದಲ್ಲಿ ಎಂಬುದು ಮೊದಲು ಗೊತ್ತಿರಬೇಕು. ಮೊದಲನೆಯದು ದೇರಳಕಟ್ಟೆಯಂಥ ಕಡೆ ಕಣ್ಣು ನೋಯುವಷ್ಟು ಓದಿದವರಿಂದ ಸಿಗುತ್ತದೆ, ಎರಡನೆಯದು ಪ್ರಯೋಗಾಲಯದ ಅಳತೆಯಿಂದ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ದೇರಳಕಟ್ಟೆಯಿಂದ ಕೆಲವೇ ಕಿಲೋಮೀಟರ್ ದೂರ. ಅಲ್ಲಿ ಕಂಪ್ಯೂಟರ್ ಓದುವ ಮಕ್ಕಳು ಇಂಥ ಒಂದು ನಕ್ಷೆಯನ್ನಾದರೂ ಕೈಗೆತ್ತಿಕೊಂಡು ಓಡಿಸಿ ನೋಡಲಿ.